ಬಾಗಿಲ ಬಳಿ ಬಂದ ಮಾತು

ಪುಣೆಗೆ ಬಂದ ಹೊಸತರಲ್ಲಿ ನನಗೆ ಮರಾಠಿ ಬರುತ್ತಿರಲಿಲ್ಲ. ಗದಗಿನವನಾದ್ದರಿಂದ ಕಿವಿಗೆ ಅಷ್ಟಿಷ್ಟು ಪರಿಚಯವಿತ್ತು, ನಾಲಿಗೆಗೆ ಇರಲಿಲ್ಲ. ಕ್ಲಿನಿಕ್ಕಿಗೆ ಬಂದವರು ಮಾತು ಶುರು ಮಾಡಿದರೆ ನಾನು ಪೆನ್ನು ಕೆಳಗಿಟ್ಟು ಅವರ ಮುಖವನ್ನೇ ನೋಡುತ್ತಾ ಕೂರುತ್ತಿದ್ದೆ. ಒಂದು ಶಬ್ದ ಬಿಟ್ಟುಹೋದರೂ ರೋಗವೇ ಕೈತಪ್ಪೀತು ಎಂಬ ಭಯ. ಅವರು ಹೇಳಿ ಮುಗಿಸಿದ ಮೇಲೆ, ನನಗೆ ತಿಳಿದಷ್ಟನ್ನು ಹರಕುಮುರುಕು ಮರಾಠಿಯಲ್ಲಿ ತಿರುಗಿ ಹೇಳಿ, 'ಅಸಂಚ್ ನಾ?' ಎಂದು ಕೇಳುತ್ತಿದ್ದೆ. ಹೀಗೇ ಅಲ್ಲವೇ ಎಂದು. ಅವರು ನಗುತ್ತಾ ತಿದ್ದುತ್ತಿದ್ದರು.

'ಕಸಂತರೀ ಹೋತಯ್' ಎಂಬ ಮಾತನ್ನು ಕಲಿತದ್ದು ಆಗಲೇ. ನಮ್ಮ ಕಡೆ 'ಜೀವಕ್ಕ ಹ್ಯಾಂಗೋ ಆಗತೈತ್ರಿ' ಅನ್ನುತ್ತಾರಲ್ಲ, ಅದೇ. ಯಾವ ವೈದ್ಯಕೀಯ ಪುಸ್ತಕದಲ್ಲೂ ಈ ಹೆಸರಿನ ಕಾಯಿಲೆ ಇಲ್ಲ. ತಲೆಸುತ್ತು ಇರಬಹುದು, ಸಕ್ಕರೆ ಇಳಿದಿರಬಹುದು, ಎದೆಬಡಿತ ಏರಿರಬಹುದು, ಮನೆಯಲ್ಲಿ ಮಗನೊಡನೆ ಜಗಳವಾಗಿರಬಹುದು. ಯಾವುದೆಂದು ತಿಳಿಯಬೇಕಾದರೆ ಅವರ ಮುಂದಿನ ಮಾತಿಗೆ ಕಾಯಬೇಕು. ಭಾಷೆ ಬಾರದ ನನಗೆ ಕಾಯದೆ ಬೇರೆ ದಾರಿಯೂ ಇರಲಿಲ್ಲ. 'ಹೊಸ ಡಾಕ್ಟರು ಪೂರ್ತಿ ಕೇಳುತ್ತಾರೆ' ಎಂದು ಓಣಿಯಲ್ಲಿ ಹೆಸರೂ ಬಂತು.

ಹನ್ನೆರಡು ವರ್ಷ ಕಳೆಯಿತು. ಈಗ ಕನಸೂ ಕೆಲವೊಮ್ಮೆ ಮರಾಠಿಯಲ್ಲೇ ಬೀಳುತ್ತದೆ. ಭಾಷೆ ಬಂದಂತೆಲ್ಲ ಕೇಳುವುದು ನನಗೇ ತಿಳಿಯದ ಹಾಗೆ ಕಡಿಮೆಯಾಗುತ್ತಾ ಬಂತು. ರೋಗಿ ಅರ್ಧ ವಾಕ್ಯ ಹೇಳುವಷ್ಟರಲ್ಲಿ ಉಳಿದರ್ಧ ನನಗೆ ಗೊತ್ತು ಅನ್ನಿಸುತ್ತಿತ್ತು. ಹೆಚ್ಚಿನ ಸಲ ಗೊತ್ತೂ ಇರುತ್ತಿತ್ತು. ಅಪಾಯ ಇದ್ದದ್ದು ಅಲ್ಲಿಯೇ.

ಕಳೆದ ವರ್ಷ ಶ್ರಾವಣದ ಒಂದು ಸಂಜೆ. ಹೊರಗೆ ಮಳೆ, ಒಳಗೆ ಬೆಂಚಿನ ತುಂಬ ಜ್ವರದವರು. ಬಹಳ ದಿನಗಳಿಂದ ನನ್ನಲ್ಲಿಗೇ ಬರುವ, ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ ತಾಯಿಯೊಬ್ಬರು ಬಂದರು. (ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.) 'ಡಾಕ್ಟರ್, ಪಿತ್ತ ಝಾಲಂಯ್' ಅಂದರು. ಅಷ್ಟು ಸಾಕಾಯಿತು ನನಗೆ. ಸೋಮವಾರದ ಉಪವಾಸವೇ? ಹೌದು. ಸಾಬೂದಾಣಿ ಖಿಚಡಿಯೇ? ಹೌದು. ಕರಿದದ್ದು? ಸ್ವಲ್ಪ. ಹೊಟ್ಟೆ ಒತ್ತಿ ನೋಡಿ ಗುಳಿಗೆ ಬರೆದುಕೊಟ್ಟೆ. ಕೇಳಿದ್ದೆಲ್ಲ ನಾನೇ, ಅವರು ಹೇಳಿದ್ದು ಬರೀ ಹೌದು ಮತ್ತು ಸ್ವಲ್ಪ. ಎದ್ದು ಹೋಗುತ್ತಾ ಬಾಗಿಲ ಹಿಡಿಕೆ ಹಿಡಿದು ತಿರುಗಿದರು: 'ಜಿನಾ ಚಢತಾನಾ ಜಾಸ್ತ ಹೋತಂ.' ಮೆಟ್ಟಿಲು ಹತ್ತುವಾಗ ಜಾಸ್ತಿಯಾಗುತ್ತದೆ. ನನ್ನ ಕೈ ಆಗಲೇ ಮುಂದಿನವರನ್ನು ಕರೆಯುವ ಗಂಟೆಯ ಮೇಲಿತ್ತು. ಗುಳಿಗೆ ತಗೊಳ್ಳಿ, ಕಡಿಮೆಯಾಗುತ್ತೆ ಅಂದೆ.

ಎರಡು ದಿನ ಬಿಟ್ಟು ಅವರ ಮಗನ ಫೋನು ಬಂತು, ಆಸ್ಪತ್ರೆಯಿಂದ. ಹೃದಯಾಘಾತ. ಸ್ಟೆಂಟ್ ಹಾಕಿದ್ದರು, ಜೀವ ಉಳಿದಿತ್ತು. ಕೊನೆಯಲ್ಲಿ ಅವನು ಮೆಲ್ಲಗೆ ಕೇಳಿದ: 'ಆಯಿನಂ ತುಮ್ಹಾಲಾ ಜಿನ್ಯಾಚಂ ಸಾಂಗಿತಲಂ ಹೋತಂ ನಾ?' ಅಮ್ಮ ನಿಮಗೆ ಮೆಟ್ಟಿಲಿನ ವಿಷಯ ಹೇಳಿದ್ದರಲ್ಲವೇ? ಅವನ ದನಿಯಲ್ಲಿ ಆರೋಪ ಇರಲಿಲ್ಲ. ಇದ್ದಿದ್ದರೆ ನನಗೆ ಉತ್ತರಿಸುವುದು ಸುಲಭವಾಗುತ್ತಿತ್ತೇನೋ.

ದಣಿವಾದಾಗ ಹೆಚ್ಚುವ, ಕೂತರೆ ಇಳಿಯುವ ಉರಿಯನ್ನು ಮೊದಲು ಹೃದಯದ್ದೆಂದೇ ಶಂಕಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಎದೆನೋವು ಎಂಬುದು ಬಾರದೆಯೇ ಹೃದಯಾಘಾತವಾಗಬಹುದು. ಹೊಟ್ಟೆಯ ಮೇಲ್ಭಾಗದ ಉರಿ, ಏದುಸಿರು, ಬೆವರು, ವಿಪರೀತ ಸುಸ್ತು ಇಷ್ಟೇ ಇರಬಹುದು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಇಸಿಜಿ ಯಂತ್ರವೂ ನಾಲ್ಕಡಿ ದೂರದಲ್ಲೇ ಇತ್ತು.

ಆಮೇಲೆ ಹುಡುಕಿ ಓದಿದೆ. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬಿಬ್ಬರು 74 ಭೇಟಿಗಳನ್ನು ಧ್ವನಿಮುದ್ರಿಸಿ ನೋಡಿದ್ದರು. ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ಅಡ್ಡ ಬಾಯಿ ಹಾಕಿದ್ದರು. ಮೊದಲ ಮಾತನ್ನು ಪೂರ್ತಿ ಹೇಳಲು ಸಾಧ್ಯವಾದದ್ದು 17 ಮಂದಿಗೆ ಮಾತ್ರ. 1999ರ ಇನ್ನೊಂದು ಅಧ್ಯಯನದಲ್ಲಿ ಈ 18 ಸೆಕೆಂಡು 23 ಆಗಿತ್ತು. ಹದಿನೈದು ವರ್ಷದ ಪ್ರಗತಿ ಐದು ಸೆಕೆಂಡು! ಬಿಟ್ಟರೆ ಇವರು ಗಂಟೆಗಟ್ಟಲೆ ಮಾತಾಡುತ್ತಾರೆ ಎಂಬುದು ನಮ್ಮೆಲ್ಲರ ನೆಪ. 2002ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಅದನ್ನೂ ಗಡಿಯಾರ ಹಿಡಿದು ನೋಡಿದರು. ಯಾರೂ ತಡೆಯದಿದ್ದಾಗ ರೋಗಿಗಳು ಮಾತಾಡಿದ್ದು ಸರಾಸರಿ 92 ಸೆಕೆಂಡು. ಐವರಲ್ಲಿ ಸುಮಾರು ನಾಲ್ವರು ಎರಡು ನಿಮಿಷದೊಳಗೆ ಮುಗಿಸಿದ್ದರು.

ಅದು ಸ್ವಿಟ್ಜರ್ಲೆಂಡು, ಇಲ್ಲಿ ಬೆಂಚಿನ ತುಂಬ ಜನ ಎಂದು ನನಗೂ ಅನ್ನಿಸಿತು. ಹಾಗಾಗಿ ನಾನೇ ಗೋಡೆ ಗಡಿಯಾರ ನೋಡಿಕೊಂಡು ಒಂದು ತಿಂಗಳು ಬಾಯಿ ಮುಚ್ಚಿಕೊಂಡು ಕೂತೆ. ಬಹುತೇಕರು ಎರಡು ನಿಮಿಷ ದಾಟಲಿಲ್ಲ. ಒಬ್ಬ ಅಜ್ಜ ಮಾತ್ರ ಒಂಬತ್ತು ನಿಮಿಷ ತಮ್ಮನೊಡನೆ ನಡೆದಿರುವ ಹೊಲದ ವ್ಯಾಜ್ಯ ಹೇಳಿದರು. ಕೋರ್ಟಿಗೆ ಅಲೆಯುವ ಗಡಿಬಿಡಿಯಲ್ಲಿ ಬಿಪಿ ಗುಳಿಗೆ ನಿಲ್ಲಿಸಿ ಎರಡು ತಿಂಗಳಾಗಿತ್ತೆಂಬುದು ಎಂಟನೆಯ ನಿಮಿಷದಲ್ಲಿ ಹೊರಬಿತ್ತು.

ಸುಮ್ಮನೆ ಕೂರುವುದು ಸುಲಭವಲ್ಲ. ಮೊದಲ ವಾರ ನಾಲಿಗೆ ಕಚ್ಚಿಕೊಂಡು ಕೂತಿದ್ದೆ. ಕಿವಿ ಅವರ ಕಡೆ ಇದ್ದರೂ ತಲೆ ಮುಂದಿನ ಪ್ರಶ್ನೆ ಹೆಣೆಯುತ್ತಿರುತ್ತದೆ. ಅದಕ್ಕೆ ನನಗೆ ನೆರವಾದದ್ದು ಮರಾಠಿ ಬಾರದ ದಿನಗಳ ಆ ಹಳೆಯ 'ಅಸಂಚ್ ನಾ?'. ತಿರುಗಿ ಹೇಳಬೇಕು ಎಂದಿದ್ದರೆ ಕೇಳಿಸಿಕೊಳ್ಳಲೇಬೇಕು. ಫೋನಿನಲ್ಲಿ ಔಷಧಿಯ ಪ್ರಮಾಣ ಹೇಳಿದರೆ ನರ್ಸ್ ಅದನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಕಂಟ್ರೋಲ್ ಟವರಿನ ಸೂಚನೆಯನ್ನು ಪೈಲಟ್ ತಿರುಗಿ ಹೇಳುತ್ತಾನೆ. ನಾನು ಭಾಷೆಯ ಬಡತನದಿಂದ ಕಲಿತದ್ದನ್ನು ಭಾಷೆ ಬಂದ ಸೊಕ್ಕಿನಲ್ಲಿ ಬಿಟ್ಟಿದ್ದೆ. ಚೆನ್ನೈನಲ್ಲೋ ಹೈದರಾಬಾದಿನಲ್ಲೋ ಮೊದಲ ವರ್ಷ ಕಳೆದ ಯಾರಿಗೂ ಆ ಬಡತನದ ನೆನಪಿರುತ್ತದೆ. ಮೀಟಿಂಗಿನಲ್ಲಿ ಪಕ್ಕದವರು ತಮಿಳಿಗೋ ತೆಲುಗಿಗೋ ಹೊರಳಿದಾಗ ನಾವು ಎಷ್ಟು ನೆಟ್ಟಗೆ ಕೂತು ಕೇಳುತ್ತಿದ್ದೆವು!

ಇನ್ನೊಂದು ಸಣ್ಣ ಸಂಗತಿ. ಕೊನೆಗೆ ನಾನು 'ಆಣಖೀ ಕಾಹೀ ನಾಹೀ ನಾ?' ಎಂದು ಕೇಳುತ್ತಿದ್ದೆ. ಬೇರೆ ಏನೂ ಇಲ್ಲವಲ್ಲ? ಇಲ್ಲ ಎಂಬ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೊಡುವ ವಿದ್ಯೆ ಇದು. ಇಂಗ್ಲಿಷಿನಲ್ಲೂ ಇಂಥದೇ ಒಂದು ಶಬ್ದ ಬದಲಿಸಿದ್ದಕ್ಕೆ ರೋಗಿಗಳು ಹೇಳದೆ ಉಳಿಸಿಕೊಂಡಿದ್ದ ತೊಂದರೆಗಳು ಹೊರಬಂದವೆಂದು 2007ರ ಒಂದು ಅಮೆರಿಕನ್ ಅಧ್ಯಯನ ತೋರಿಸಿದೆ. ಈಗ ನಾನು 'ಆಣಖೀ ಕಾಯ್?' ಎನ್ನುತ್ತೇನೆ. ಮತ್ತೇನು? ಬಾಗಿಲ ಬಳಿ ಬರುತ್ತಿದ್ದ ಮಾತು ಈಗ ಕುರ್ಚಿಯಲ್ಲಿ ಕೂತಿರುವಾಗಲೇ ಬರುತ್ತದೆ, ಎಲ್ಲ ಸಲ ಅಲ್ಲ, ಬಹಳ ಸಲ.

ಕ್ಲಿನಿಕ್ಕಿನಲ್ಲಿ ಇಷ್ಟೆಲ್ಲ ತಿದ್ದಿಕೊಂಡವನು ಮನೆಯ ಫೋನನ್ನು ಮರೆತೇಬಿಟ್ಟಿದ್ದೆ. ಪ್ರತಿ ಭಾನುವಾರ ಗದಗಿಗೆ ಫೋನು. ಗುಳಿಗಿ ತಗೊಂಡಿ? ಊಟ ಆತು? ಮತ್ತೇನೂ ಇಲ್ಲಲ್ಲಬೇ? 'ಏನಿಲ್ಲೋ, ಆರಾಮ ಅದೇನಿ' ಎನ್ನುತ್ತಿದ್ದಳು ಅವ್ವ. ಈ ಸಲ ಯುಗಾದಿಗೆ ಮಾತಾಡುವಾಗ ಅಭ್ಯಾಸಬಲದಿಂದ ಬಾಯಲ್ಲಿ 'ಮತ್ತೇನಬೇ?' ಎಂದು ಬಂತು, ಬಂದ ಮೇಲೆ ಸುಮ್ಮನಿದ್ದೆ. ಅವಳು ಪಕ್ಕದ ಮನೆಯ ಲಗ್ನದ ಸುದ್ದಿ ಹೇಳಿದಳು. ಸುಮ್ಮನಿದ್ದೆ. ನಳದ ನೀರಿನ ಸುದ್ದಿ ಹೇಳಿದಳು. ಆಮೇಲೆ ತುಸು ಹೊತ್ತು ಏನೂ ಇಲ್ಲ. ಫೋನು ಕಟ್ಟಾಯಿತೇ ಎಂದು ನೋಡಿದೆ.

'ಎಡಗಣ್ಣಾಗ ಮಂಜ ಮಂಜ ಕಾಣಾಕತ್ತೈತಿ, ದೀಪಾವಳಿಯಿಂದ' ಅಂದಳು.

ಅಲ್ಲಿಂದೀಚೆಗೆ ಇಪ್ಪತ್ತು ಭಾನುವಾರವಾದರೂ ನಾನು ಫೋನು ಮಾಡಿದ್ದೆ. ಶುಕ್ರವಾರ ರಾತ್ರಿಯ ಬಸ್ಸಿಗೆ ಸೀಟು ಹಿಡಿದೆ.