ದೂರ ಸಾಗಣೆಯ ಟ್ರೈಲರ್ ಲಾರಿಗಳು

ಟ್ರೈಲರ್ ಲಾರಿ ಎಂದರೆ ಎಂಜಿನ್ ಮತ್ತು ಚಾಲಕನ ಕ್ಯಾಬಿನ್ ಇರುವ ಮುಂಭಾಗ ಹಾಗೂ ಸರಕು ಹೊರುವ ಹಿಂಭಾಗ ಬೇರೆ ಬೇರೆಯಾಗಿದ್ದು, ತಿರುಗುವ ಕೊಂಡಿಯ ಮೂಲಕ ಜೋಡಿಸಲ್ಪಟ್ಟ ಭಾರೀ ವಾಹನ. ಭಾರತದಲ್ಲಿ ಟಾಟಾ ಮೋಟಾರ್ಸ್, ಅಶೋಕ್ ಲೇಲ್ಯಾಂಡ್, ಭಾರತ್‌ಬೆಂಜ್, ಐಷರ್, ಮಹೀಂದ್ರಾ ಮತ್ತು ವೋಲ್ವೊ ಇವುಗಳ ಪ್ರಮುಖ ತಯಾರಕ ಸಂಸ್ಥೆಗಳಾಗಿವೆ. ಕರ್ನಾಟಕದ ಕರಾವಳಿಯಿಂದ ಒಳನಾಡಿಗೆ ಹೋಗುವ ಲಾರಿಗಳು ಪಶ್ಚಿಮ ಘಟ್ಟವನ್ನು ಏರಿ ಇಳಿಯಬೇಕಾದ ಕಾರಣ, ಇಲ್ಲಿ ಲಾರಿಯ ಆಯ್ಕೆಯಲ್ಲಿ ಎಂಜಿನ್ನಿನ ಶಕ್ತಿಯಷ್ಟೇ ಬ್ರೇಕಿನ ವ್ಯವಸ್ಥೆಯೂ ಮುಖ್ಯವಾಗುತ್ತದೆ.

ಭೌಗೋಳಿಕ ಹಿನ್ನೆಲೆ

ಉಡುಪಿ ಜಿಲ್ಲೆಯ ಕುಂದಾಪುರ ತಾಲೂಕಿನ ಅಮಾಸೆಬೈಲು ಪಶ್ಚಿಮ ಘಟ್ಟದ ಬುಡದಲ್ಲಿರುವ ಗ್ರಾಮ. ಇದರ ಪಶ್ಚಿಮಕ್ಕೆ ಕರಾವಳಿಯುದ್ದಕ್ಕೂ ಸಮತಟ್ಟಾಗಿ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಇದೆ. ಸಮೀಪದ ಹೊಸಂಗಡಿಯ ಮೂಲಕ ಹುಲಿಕಲ್ ಘಾಟಿ ಏರಿದರೆ ಶಿವಮೊಗ್ಗ ಜಿಲ್ಲೆ ಸಿಗುತ್ತದೆ. ದಕ್ಷಿಣಕ್ಕಿರುವ ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳಿದ್ದು, ಭಾರೀ ವಾಹನಗಳಿಗೆ ನಿರ್ಬಂಧವಿದೆ. ಮಂಗಳೂರಿನಿಂದ ಬೆಂಗಳೂರಿನ ಕಡೆಗೆ ಹೋಗುವ ಟ್ರೈಲರ್ ಲಾರಿಗಳು ಹೆಚ್ಚಾಗಿ ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ ಘಾಟಿಯನ್ನು ಬಳಸುತ್ತವೆ.

ಮಾದರಿ ಸಂಖ್ಯೆಯ ಅರ್ಥ

ಅನೇಕ ಲಾರಿಗಳ ಹೆಸರಿನಲ್ಲಿರುವ ಅಂಕಿಗಳು ಅವುಗಳ ಸಾಮರ್ಥ್ಯವನ್ನು ಸೂಚಿಸುತ್ತವೆ. ಮೊದಲ ಎರಡು ಅಂಕಿಗಳು ಸರಕೂ ಸೇರಿದ ಒಟ್ಟು ತೂಕವನ್ನು ಟನ್ನುಗಳಲ್ಲಿಯೂ, ನಂತರದ ಎರಡು ಅಂಕಿಗಳು ಎಂಜಿನ್ನಿನ ಶಕ್ತಿಯ ಹತ್ತನೇ ಒಂದು ಭಾಗವನ್ನು ಅಶ್ವಶಕ್ತಿಯಲ್ಲಿಯೂ ತಿಳಿಸುತ್ತವೆ.

• ಟಾಟಾ ಪ್ರೈಮಾ 5530.ಎಸ್ ಮತ್ತು ಸಿಗ್ನಾ 5530.ಎಸ್: 55 ಟನ್, ಸುಮಾರು 300 ಅಶ್ವಶಕ್ತಿ
• ಭಾರತ್‌ಬೆಂಜ್ 5528ಟಿ: 55 ಟನ್, ಸುಮಾರು 280 ಅಶ್ವಶಕ್ತಿ
• ಅಶೋಕ್ ಲೇಲ್ಯಾಂಡ್ ಎವಿಟಿಆರ್ 5525: 55 ಟನ್, ಸುಮಾರು 250 ಅಶ್ವಶಕ್ತಿ

ಐಷರ್ ಪ್ರೊ 6055 ಮತ್ತು ಮಹೀಂದ್ರಾ ಬ್ಲಾಜೊ ಎಕ್ಸ್ 55 ಮಾದರಿಗಳಲ್ಲಿ ಕೊನೆಯ 55 ತೂಕವನ್ನು ಸೂಚಿಸುತ್ತದೆ. ವೋಲ್ವೊ ಎಫ್‌ಎಂ 420ರಲ್ಲಿರುವ ಸಂಖ್ಯೆ ಅಶ್ವಶಕ್ತಿಯದು, ತೂಕದ್ದಲ್ಲ.

55 ಟನ್ ಎಂಬ ಮಿತಿಯು 2018ರಲ್ಲಿ ಕೇಂದ್ರ ಸರ್ಕಾರವು ಆ್ಯಕ್ಸಲ್ ತೂಕದ ಮಿತಿಗಳನ್ನು ಹೆಚ್ಚಿಸಿದಾಗ ಜಾರಿಗೆ ಬಂದಿತು. ಅದಕ್ಕೆ ಮೊದಲು ಇದೇ ವರ್ಗದ ಟ್ರೈಲರ್ ಲಾರಿಯ ಮಿತಿ 49 ಟನ್ ಆಗಿತ್ತು. 55 ಟನ್ನಿನ ಲಾರಿಯಲ್ಲಿ ಸಾಮಾನ್ಯವಾಗಿ ಮುಂಭಾಗಕ್ಕೆ 10, ಹಿಂಭಾಗಕ್ಕೆ 12, ಒಟ್ಟು 22 ಚಕ್ರಗಳಿರುತ್ತವೆ.

ಏರುದಾರಿಯಲ್ಲಿ ಶಕ್ತಿ

ಒಟ್ಟು ಶಕ್ತಿಗಿಂತ ಪ್ರತಿ ಟನ್ನಿಗೆ ದೊರೆಯುವ ಶಕ್ತಿಯೇ ಏರುದಾರಿಯಲ್ಲಿ ನಿರ್ಣಾಯಕ. ಪೂರ್ತಿ ಹೊರೆಯಿದ್ದಾಗ 300 ಅಶ್ವಶಕ್ತಿಯ ಲಾರಿಗೆ ಟನ್ನಿಗೆ ಸುಮಾರು 5.5, 250ರ ಲಾರಿಗೆ ಸುಮಾರು 4.5 ಅಶ್ವಶಕ್ತಿ ಲಭ್ಯ. ಶೇಕಡಾ 6ರ ಏರಿನಲ್ಲಿ ಮೊದಲನೆಯದು ಗಂಟೆಗೆ ಸುಮಾರು 19 ಕಿಲೋಮೀಟರ್, ಎರಡನೆಯದು ಸುಮಾರು 16 ಕಿಲೋಮೀಟರ್ ವೇಗವನ್ನು ಕಾಯ್ದುಕೊಳ್ಳಬಲ್ಲವು ಎಂದು ಭೌತಶಾಸ್ತ್ರದ ಸರಳ ಲೆಕ್ಕ ತಿಳಿಸುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಅಲ್ಲಿ ಡೀಸೆಲ್ ಉಳಿತಾಯವೇ ಹೆಚ್ಚು ಮಹತ್ವ ಪಡೆಯುತ್ತದೆ. ಮಹೀಂದ್ರಾ ಬ್ಲಾಜೊದಲ್ಲಿ ಹೊರೆ ಮತ್ತು ದಾರಿಗೆ ತಕ್ಕಂತೆ ಆರಿಸಿಕೊಳ್ಳಬಹುದಾದ ಮೂರು ಚಾಲನಾ ವಿಧಾನಗಳಿರುವುದು ಈ ಕಾರಣಕ್ಕೆ.

ಇಳಿದಾರಿಯಲ್ಲಿ ಬ್ರೇಕು

ಚಾಲಕನ ಪ್ರಾಣಕ್ಕೆ ಹೆಚ್ಚಿನ ಅಪಾಯವಿರುವುದು ಇಳಿಯುವಾಗ. 55 ಟನ್ ತೂಕದ ಲಾರಿ 600 ಮೀಟರ್ ಎತ್ತರ ಇಳಿದಾಗ ಬಿಡುಗಡೆಯಾಗುವ ಶಕ್ತಿಯಿಂದ ಸುಮಾರು 1,100 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಬಹುದು. ಅದರ ಬಹುಭಾಗವನ್ನು ಚಕ್ರದ ಬ್ರೇಕುಗಳೇ ಹೀರಿಕೊಳ್ಳಬೇಕಾದರೆ ಡ್ರಮ್ ಮತ್ತು ಲೈನಿಂಗ್ ಕಾದು ಬ್ರೇಕಿನ ಹಿಡಿತ ಕುಗ್ಗುತ್ತದೆ. ಪೆಡಲು ಒತ್ತಿದರೂ ಲಾರಿ ನಿಲ್ಲದಿರುವುದು ಆಗಲೇ. ಆದ್ದರಿಂದ ಕಡಿಮೆ ಗೇರಿನಲ್ಲಿ ಇಳಿಯುವುದು ಚಾಲನೆಯ ಮೂಲನಿಯಮವಾಗಿದೆ. ಇದಕ್ಕೆ ಎಕ್ಸಾಸ್ಟ್ ಬ್ರೇಕ್, ಎಂಜಿನ್ ಬ್ರೇಕ್ ಮತ್ತು ರಿಟಾರ್ಡರ್ ಎಂಬ ಪೂರಕ ಸಾಧನಗಳು ನೆರವಾಗುತ್ತವೆ. ಎಕ್ಸಾಸ್ಟ್ ಬ್ರೇಕ್ ಹೊಗೆ ಹೊರಹೋಗುವ ದಾರಿಯನ್ನು ತಡೆದು ಎಂಜಿನ್ನಿಂದಲೇ ವೇಗ ತಗ್ಗಿಸುತ್ತದೆ. ರಿಟಾರ್ಡರ್ ಗೇರ್‌ಬಾಕ್ಸಿನ ಬಳಿ ತೈಲ ಅಥವಾ ಅಯಸ್ಕಾಂತೀಯ ಬಲದಿಂದ ವೇಗವನ್ನು ತಡೆಯುತ್ತದೆ. ಒಂದೇ ಮಾದರಿಯ ಎರಡು ಲಾರಿಗಳಲ್ಲಿಯೂ ಈ ಸಾಧನಗಳು ಬೇರೆ ಬೇರೆಯಾಗಿರಬಹುದು. ಆದಕಾರಣ ಹೆಸರನ್ನು ಮಾತ್ರ ನೋಡಿ ಹೋಲಿಸಿದರೆ ಸಾಲದು.

ಮಿತಿಮೀರಿದ ಹೊರೆಯಿಂದ ಈ ಅಪಾಯ ಇಮ್ಮಡಿಸುತ್ತದೆ: ಹೆಚ್ಚುವರಿ ತೂಕ ಏರಿನಲ್ಲಿ ಶಕ್ತಿಯ ಅನುಪಾತವನ್ನು ಕುಗ್ಗಿಸುತ್ತದೆ, ಇಳಿಯುವಾಗ ಬ್ರೇಕಿನ ಶಾಖವನ್ನು ಹೆಚ್ಚಿಸುತ್ತದೆ. ಕಡಿದಾದ ತಿರುವಿನಲ್ಲಿ ಟ್ರೈಲರಿನ ಹಿಂದಿನ ಚಕ್ರಗಳು ಒಳಭಾಗಕ್ಕೆ ಸರಿಯುವುದರಿಂದ, ಇಕ್ಕಟ್ಟಾದ ಘಾಟಿಗಳಲ್ಲಿ ಟ್ರೈಲರ್ ಇಲ್ಲದ 10 ಅಥವಾ 12 ಚಕ್ರದ ಲಾರಿಗಳೇ ಹೆಚ್ಚು ಅನುಕೂಲಕರ.

ಚಾಲಕರ ಅನುಕೂಲ

ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ, 1961ರ ಪ್ರಕಾರ ದುಡಿಮೆಯ ಸಾಮಾನ್ಯ ಮಿತಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಆಗಿತ್ತು. ದೂರದ ದಾರಿಗಳಲ್ಲಿ ಕ್ಯಾಬಿನ್ನೇ ಚಾಲಕನ ಮಲಗುವ ಕೋಣೆಯೂ ಆಗಿರುವುದರಿಂದ ಹಾಸಿಗೆ, ಆಸನ ಮತ್ತು ಗೇರ್ ಬದಲಾವಣೆಯ ವಿಧಾನಗಳು ಆಯಾಸದ ಪ್ರಮಾಣವನ್ನು ನಿರ್ಧರಿಸುತ್ತವೆ. ವೋಲ್ವೊದ ಐ-ಶಿಫ್ಟ್‌ನಂತಹ ಸ್ವಯಂಚಾಲಿತ ಗೇರ್ ವ್ಯವಸ್ಥೆ ಕ್ಲಚ್ ತುಳಿಯುವ ಶ್ರಮವನ್ನು ತಪ್ಪಿಸುತ್ತದೆ. 2025ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ.

ಕೊಂಕಣ ರೈಲ್ವೆಯು 1999ರಲ್ಲಿ ಆರಂಭಿಸಿದ ರೋ-ರೋ ಸೇವೆಯಲ್ಲಿ ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೇರಿಸಿ ಒಯ್ಯಲಾಗುತ್ತದೆ. ನಂತರ ಸುರತ್ಕಲ್‌ವರೆಗೆ ವಿಸ್ತರಿಸಲಾದ ಈ ಸೇವೆಯಿಂದ ಚಾಲಕರಿಗೆ ವಿಶ್ರಾಂತಿಯೂ ಮಾಲೀಕರಿಗೆ ಡೀಸೆಲ್ ಉಳಿತಾಯವೂ ದೊರೆಯುತ್ತದೆ.

ತಯಾರಿಕೆ ಮತ್ತು ದುರಸ್ತಿ

ವೋಲ್ವೊ ಲಾರಿಗಳನ್ನು 1998ರಿಂದ ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ತಯಾರಿಸಲಾಗುತ್ತಿದೆ. ಭಾರತ್‌ಬೆಂಜ್ ಹೆಸರಿನ ಲಾರಿಗಳು 2012ರಿಂದ ಚೆನ್ನೈ ಬಳಿಯ ಒರಗಡಂನಲ್ಲಿ ತಯಾರಾಗುತ್ತಿವೆ. 2020ರ ಏಪ್ರಿಲ್ 1ರಂದು ಜಾರಿಗೆ ಬಂದ ಬಿಎಸ್-6 ಹೊಗೆ ನಿಯಮದಿಂದಾಗಿ ಹೊಸ ಎಂಜಿನ್‌ಗಳಲ್ಲಿ ಸಂವೇದಕಗಳೂ ಹೊಗೆ ಶುದ್ಧೀಕರಣ ಸಾಧನಗಳೂ ಹೆಚ್ಚಿವೆ. ಇವುಗಳ ದೋಷವನ್ನು ರಸ್ತೆಬದಿಯ ಗ್ಯಾರೇಜಿನಲ್ಲಿ ಸರಿಪಡಿಸುವುದು ಕಷ್ಟವಾದ್ದರಿಂದ, ಸಂಚರಿಸುವ ದಾರಿಯಲ್ಲಿ ಕಂಪನಿಯ ದುರಸ್ತಿ ಕೇಂದ್ರ ಎಷ್ಟು ದೂರದಲ್ಲಿದೆ ಎಂಬುದೂ ಲಾರಿಯ ಆಯ್ಕೆಯಲ್ಲಿ ಗಣನೆಗೆ ಬರುತ್ತದೆ.