ಜಾತ್ರೆಗೆ ಯಾವ ಹಾಡುಗಾರರು ಬರುತ್ತಾರೆ?

"ತಾತಾ, ನಿಮ್ಮ ಜಾತ್ರೆಗೆ ಯಾವ ಸಿಂಗರ್ ಬರ್ತಾರೆ?"

ಮೈಸೂರಿನಲ್ಲಿ ಐದನೇ ತರಗತಿ ಓದುವ ಮೊಮ್ಮಗಳು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು. ಚಿಕ್ಕಲ್ಲೂರು ಜಾತ್ರೆಗೆ ಹೋಗೋಣ ಬಾ ಎಂದು ನಾನು ಯಳಂದೂರಿನಿಂದ ಕರೆದಿದ್ದೆ. ತಪ್ಪು ಅವಳದ್ದಲ್ಲ. 2024ರಲ್ಲಿ ಮೈಸೂರಿನ ಯುವ ದಸರೆಗೆ ಎ. ಆರ್. ರೆಹಮಾನ್, ಇಳಯರಾಜ ಬಂದು ಹೋದ ಮೇಲೆ, ಹಬ್ಬ ಎಂದರೆ ದೊಡ್ಡ ವೇದಿಕೆ, ಬಣ್ಣಬಣ್ಣದ ದೀಪ, ಟಿ.ವಿ.ಯಲ್ಲಿ ಕಂಡ ಮುಖ ಎಂದೇ ಅವಳ ಲೆಕ್ಕ.

"ಬರ್ತಾರೆ. ದೊಡ್ಡವರೇ ಬರ್ತಾರೆ" ಎಂದೆ.

"ಕೋಲುಮಂಡೆ ಹಾಡಿದೋರಾ?"

ಅವಳ ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಆ ಹಾಡಿಗೆ ಕುಣಿದಿದ್ದರು. 'ಜನುಮದ ಜೋಡಿ' ಚಿತ್ರಕ್ಕಾಗಿ ಅದನ್ನು ಹಾಡಿದ ಎಲ್. ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿಯೂ ಬಂದಿತ್ತು. ಅವರು 2017ರಲ್ಲೇ ತೀರಿಕೊಂಡರು. ಅದನ್ನು ಫೋನಿನಲ್ಲಿ ಹೇಳಲಿಲ್ಲ. "ಬಂದು ನೋಡು" ಎಂದಷ್ಟೇ ಹೇಳಿದೆ.

ಮಕ್ಕಳೇ, ಚಿಕ್ಕಲ್ಲೂರು ಜಾತ್ರೆ ನಡೆಯುವುದು ಜನವರಿಯ ಆಸುಪಾಸು, ಬನದ ಹುಣ್ಣಿಮೆಗೆ. ಒಟ್ಟು ಐದು ದಿನ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹನೂರು, ಮಳವಳ್ಳಿ, ಮಂಡ್ಯ, ರಾಮನಗರದ ಕಡೆಯಿಂದಲೂ ಜನ ಮೂಟೆ ಕಟ್ಟಿಕೊಂಡು ಬರುತ್ತಾರೆ. ಬಂದವರು ಬಯಲಿನಲ್ಲಿ, ಮರದ ಕೆಳಗೆ ಬಿಡಾರ ಹೂಡಿ ಮೂರು ಕಲ್ಲಿಟ್ಟು ಒಲೆ ಹೊತ್ತಿಸುತ್ತಾರೆ. ಜಾತ್ರೆಯಲ್ಲಿ ಪಂಕ್ತಿಸೇವೆ ಎಂಬ ಒಂದು ದಿನವಿದೆ. ಅಂದು ಯಾರ ಮಗ್ಗುಲಲ್ಲಿ ಯಾರು ಕೂತರು ಎಂದು ಕೇಳದೆ ಎಲ್ಲರೂ ಸಾಲಾಗಿ ಕೂತು ಉಣ್ಣುತ್ತಾರೆ.

ಮೊದಲ ರಾತ್ರಿ ಚಂದ್ರಮಂಡಲೋತ್ಸವ. ಬಿದಿರು ಕಟ್ಟಿ, ಬಟ್ಟೆ ಸುತ್ತಿ ಮಾಡಿದ ಚಂದ್ರಮಂಡಲಕ್ಕೆ ಬೊಪ್ಪೇಗೌಡನಪುರ ಮಠದ ಪೀಠದವರು ಬಂದು ಬೆಂಕಿ ಮುಟ್ಟಿಸುತ್ತಾರೆ. ಜ್ವಾಲೆ ಯಾವ ದಿಕ್ಕಿಗೆ ಚೆನ್ನಾಗಿ ಉರಿಯುತ್ತದೋ ಆ ದಿಕ್ಕಿನಲ್ಲಿ ಆ ವರ್ಷ ಮಳೆ ಬೆಳೆ ಚೆನ್ನ ಎಂದು ರೈತರ ನಂಬಿಕೆ. ಬೆಂಕಿ ಏಳುತ್ತಿದ್ದಂತೆ ಸುತ್ತ ನಿಂತ ಅಷ್ಟೂ ಜನರ ಕತ್ತು ಒಟ್ಟಿಗೇ ಮೇಲಕ್ಕೆ ಹೋಯಿತು. ಮೊಮ್ಮಗಳು ನನ್ನ ಹೆಗಲ ಮೇಲೆ ಹತ್ತಿ ಕೂತು ನೋಡಿದಳು. ಇಳಿದ ಕೂಡಲೇ ಅದೇ ಪ್ರಶ್ನೆ. "ಸ್ಟೇಜ್ ಎಲ್ಲಿ ತಾತಾ?"

ಸ್ಟೇಜ್ ಎಂದಾಗ ನನಗೆ 1997ರ ಜನವರಿ ನೆನಪಾಯಿತು. ಆಗ ನಮ್ಮದಿನ್ನೂ ಮೈಸೂರು ಜಿಲ್ಲೆ. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು ಅದೇ ವರ್ಷ, ಜಾತ್ರೆಯಾದ ಮೇಲೆ. ನಾನು ಆಗ ಮೂವತ್ತು ದಾಟಿದ ಮೇಷ್ಟ್ರು. 'ಜನುಮದ ಜೋಡಿ' ಬಿಡುಗಡೆಯಾಗಿ ಎರಡು ತಿಂಗಳಾಗಿತ್ತಷ್ಟೆ. ವಿ. ಮನೋಹರ್ ಸಂಗೀತದ ಆ ಹಾಡುಗಳು ಪ್ರತಿ ಟೀ ಅಂಗಡಿಯಲ್ಲಿ, ಪ್ರತಿ ಮದುವೆ ಮನೆಯಲ್ಲಿ. ನಾವು ಗೆಳೆಯರು ದುಡ್ಡು ಹಾಕಿ ಮೈಕ್‌ಸೆಟ್ ಬಾಡಿಗೆಗೆ ತಂದು ಜಾತ್ರೆಯಲ್ಲಿ ನಮ್ಮ ಬಿಡಾರದ ಮುಂದೆ ಕಟ್ಟಿದ್ದೆವು. ಪಕ್ಕದ ಮರದ ಕೆಳಗೆ ಮುದುಕರೊಬ್ಬರು ತಂಬೂರಿ ಹಿಡಿದು ಹಾಡುತ್ತಿದ್ದರು. ಮುಂದೆ ಹತ್ತಿಪ್ಪತ್ತು ಜನ ಕೂತಿದ್ದರು. ನಾವು ಕ್ಯಾಸೆಟ್ ಹಾಕಿ ಸದ್ದು ಏರಿಸಿದೆವು. ಅವರು ಒಂದಷ್ಟು ಹೊತ್ತು ದನಿ ಎತ್ತರಿಸಿ ನೋಡಿದರು. ಆಮೇಲೆ ತಂಬೂರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದು ಹೋದರು. ಮಾತಾಡಲಿಲ್ಲ, ಬೈಯಲಿಲ್ಲ. ನಾವು ಹಾಕಿದ್ದು ಅದೇ ಕೋಲುಮಂಡೆ. ಮಾದಪ್ಪನ ಗುಡ್ಡರು ಹಾಡುತ್ತಾ ಬಂದ ಹಾಡಿನ ಸಾಲಿನಿಂದಲೇ ಸಿನಿಮಾಕ್ಕೆ ಹೋದದ್ದು. ಅದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಈ ಸಲ ಮೊಮ್ಮಗಳ ಕೈ ಹಿಡಿದು ಮೈಕಿನ ಸದ್ದಿನಿಂದ ದೂರ ನಡೆದೆ. ಗದ್ದೆಯಂಚಿನ ಒಂದು ಮರದ ಕೆಳಗೆ ನಾಲ್ವರು ನೀಲಗಾರರು ಕೂತಿದ್ದರು. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನು ಹಾಡುವ ದೀಕ್ಷೆ ಪಡೆದವರು ನೀಲಗಾರರು. ಹರಕೆ ಹೊತ್ತು ಮಗನನ್ನು ನೀಲಗಾರನಾಗಿ ಬಿಡುವ ಮನೆತನಗಳು ನಮ್ಮ ಕಡೆ ಇವೆ. ಮುಂದಾಳಿನ ಕೈಯಲ್ಲಿ ತಂಬೂರಿ, ಗಗ್ಗರ. ಜೊತೆಯವರ ಹತ್ತಿರ ಡಕ್ಕಿ, ತಾಳ. ಅವರು ಸಾಲು ಬಿಟ್ಟರೆ ಇವರು ಹಿಡಿಯುತ್ತಾರೆ. ಪುಸ್ತಕವಿಲ್ಲ, ಚೀಟಿಯಿಲ್ಲ.

ಕಂಬಳಿ ಹೊದಿಸಿ ಮೊಮ್ಮಗಳನ್ನು ಕೂರಿಸಿದೆ. ಹಾಡಿನಲ್ಲಿ ಆಗ ನಿಡುಘಟ್ಟದ ಕಮ್ಮಾರರ ಮನೆಯ ಹುಡುಗ ಕೆಂಪಾಚಾರಿ ಸಿದ್ದಪ್ಪಾಜಿಯಾಗಿ, ಗುರು ಮಂಟೇಸ್ವಾಮಿಯ ಮಾತಿನಂತೆ ಹಲಗೂರಿಗೆ ಹೊರಟಿದ್ದ. ಅಲ್ಲಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ತರಬೇಕು. ಅವರು ಕೊಡುವುದಿಲ್ಲ. ಒಂದಾದ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ವಿಷ ಬೆರೆಸಿ ಅಡುಗೆ ಮಾಡುತ್ತಾರೆ.

"ತಿಂತಾನಾ?" ಮೊಮ್ಮಗಳು ಜೋರಾಗಿಯೇ ಕೇಳಿಬಿಟ್ಟಳು.

ಹಾಡು ನಿಂತಿತು. ಮುಂದಾಳು ಅಜ್ಜ ತಂಬೂರಿಯ ಮೇಲೆ ಕೈಯಿಟ್ಟು ನಕ್ಕರು. "ತಡಕವ್ವ ಕೂಸೇ, ಇನ್ನೂ ಎಲೆ ಹಾಕಿಲ್ಲ!" ಸುತ್ತ ಕೂತವರೆಲ್ಲ ನಕ್ಕರು. ಅಲ್ಲಿಂದ ಮುಂದೆ ಅವರು ಹಾಡಿದ್ದು ಅವಳ ಮುಖ ನೋಡಿಕೊಂಡೇ.

ನಡುರಾತ್ರಿ ಟೀ ಕುಡಿಯಲು ಬಿಡುವು ಕೊಟ್ಟರು. ಇಡೀ ಕಥೆ ಎಷ್ಟು ಹೊತ್ತು ಎಂದು ಅವಳು ಕೇಳಿದಳು. "ಒಂದಿರುಳಿಗೆ ಮುಗಿಯೋದಲ್ಲ ಕಣವ್ವ. ಇರುಳೆಲ್ಲ ಹಾಡಿ ನಾಳೀಕೂ ಉಳೀತದೆ" ಎಂದರು ಅಜ್ಜ. ಅಷ್ಟನ್ನೂ ಬಾಯಿಪಾಠ ಮಾಡಿದ್ದು ಯಾವ ಶಾಲೆಯಲ್ಲಿ ಎಂದು ಇವಳು. "ಗುರುವಿನ ಹಿಂದೆ ತಾಳ ಹಾಕ್ಕಂಡು ತಿರುಗ್ದೆ. ಅದೇ ಇಸ್ಕೂಲು."

ಇಂಥ ಹಾಡುಗಾರರಲ್ಲೂ ಹೆಸರುವಾಸಿಯಾದವರಿದ್ದಾರೆ, ಮಕ್ಕಳೇ. ಮಳವಳ್ಳಿ ಮಹದೇವಸ್ವಾಮಿಯವರ ದನಿಯ ಕ್ಯಾಸೆಟ್‌ಗಳು ನಮ್ಮ ಕಡೆ ಮನೆಮನೆಯಲ್ಲಿದ್ದವು. ಹೆಬ್ಬಣಿ ಮಾದಯ್ಯನವರ ಮೇಳ ಹಾಡಿದ ಮಲೆ ಮಾದೇಶ್ವರ ಕಾವ್ಯ ಇಂಗ್ಲಿಷಿಗೂ ಹೋಗಿದೆ. ನಮ್ಮ ಮುಂದೆ ಕೂತಿದ್ದ ಅಜ್ಜನ ಹೆಸರು ಅವರ ಊರು, ಈ ಜಾತ್ರೆ ಬಿಟ್ಟು ಬೇರೆ ಕಡೆ ಯಾರಿಗೂ ಗೊತ್ತಿಲ್ಲ.

ನಾನು ಅವರಿಗೆ 1997ರ ಮೈಕಿನ ಸಂಗತಿ ಹೇಳಿದೆ. ಇಷ್ಟು ವರ್ಷ ಮನೆಯಲ್ಲೂ ಹೇಳಿರಲಿಲ್ಲ. ಎದ್ದು ಹೋದವರು ಇವರಲ್ಲ. ಆದರೂ ಇವರ ಮುಂದೆ ಹೇಳಬೇಕೆನ್ನಿಸಿತು.

ಅವರು ಟೀ ಲೋಟ ಕೆಳಗಿಟ್ಟರು. "ನಮ್ಮನ್ನ ಎಬ್ಬಿಸ್ದೋರು ನೀವೊಬ್ರೇನಾ ಮೇಷ್ಟ್ರೇ? ಎದ್ದೋಗಿ ಇನ್ನೊಂದು ಮರದ ಕೆಳಗೆ ಕೂತ್ಕತೀವಿ. ಕಥೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದ್ಲೇ ಸುರು. ಕೇಳೋರು ಎದ್ದೋದ್ರೆ ಮಾತ್ರ ಸುರು ಮಾಡಕ್ಕಾಗಲ್ಲ." ಅವರ ಮಗ ಬೆಂಗಳೂರಿನಲ್ಲಿ ಆಟೋ ಓಡಿಸುತ್ತಾನಂತೆ. ತಾಳ ಹಿಡಿಯಲು ಜಾತ್ರೆಗೆ ಬರುತ್ತೇನೆ ಎಂದಿದ್ದ. ಬಂದಿರಲಿಲ್ಲ.

ಹಾಡು ಮತ್ತೆ ಶುರುವಾಯಿತು. ಪ್ರತಿ ಸಾಲಿನ ಕೊನೆಯಲ್ಲಿ ಮೊಮ್ಮಗಳ ತುಟಿಯೂ ಅಲುಗುತ್ತಿತ್ತು. ಸಿದ್ದಪ್ಪಾಜಿಯ ಮುಂದೆ ಎಲೆ ಹಾಕುವ ಹೊತ್ತಿಗೆ ಅವಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

ಬೆಳಗಿನ ಬಸ್ಸಿನಲ್ಲಿ ಎದ್ದು ಕೇಳಿದಳು. "ತಾತಾ, ಅವರು ಮಂಟೇಸ್ವಾಮಿನ ಧರೆಗೆ ದೊಡ್ಡವರು ಅಂತ ಹಾಡ್ತಿದ್ರಲ್ಲ. ನೀವು ದೊಡ್ಡವರು ಬರ್ತಾರೆ ಅಂದಿದ್ದು ಅವರನ್ನಾ, ಹಾಡೋ ಅಜ್ಜನ್ನಾ?"

ನಾನು ಉತ್ತರ ಹುಡುಕುವಷ್ಟರಲ್ಲಿ ಇನ್ನೊಂದು ಪ್ರಶ್ನೆ. "ಆ ಅನ್ನ ತಿಂದ್ನಾ?"

"ತಿಂದು ಗೆದ್ದ" ಎಂದೆ.

"ಹಾಗಲ್ಲ, ಹಾಡಿ ಹೇಳಿ."

ನನಗೆ ಬರಲಿಲ್ಲ. ಹುಟ್ಟಿದ್ದು, ಬೆಳೆದದ್ದು, ಪಾಠ ಹೇಳಿದ್ದು ಎಲ್ಲ ಈ ನೆಲದಲ್ಲೇ. ಎರಡು ಸಾಲೂ ಬರಲಿಲ್ಲ.

ಅಜ್ಜ ಅಜ್ಜಿಯರೇ, ನಿಮಗೆ ನಾಲ್ಕು ಸಾಲು ಬಂದರೆ ಇಂದೇ ಮೊಮ್ಮಕ್ಕಳ ಕಿವಿಗೆ ಹಾಕಿ. ಬಾರದಿದ್ದರೆ ನನ್ನಂತೆ ಅವರ ಜೊತೆ ಹೋಗಿ ಕೂತು ಕೇಳಿ. ಮಕ್ಕಳೇ, ಜಾತ್ರೆಯಲ್ಲಿ ಮೈಕಿನ ಸದ್ದು ಕ್ಷೀಣವಾಗುವ ಕಡೆಗೆ ಸ್ವಲ್ಪ ನಡೆದು ನೋಡಿ.

ಮುಂದಿನ ಬನದ ಹುಣ್ಣಿಮೆ ಯಾವತ್ತು ಎಂದು ಮೊಮ್ಮಗಳು ಈಗಲೇ ಕ್ಯಾಲೆಂಡರಿನಲ್ಲಿ ಹುಡುಕಿ ಸುತ್ತು ಹಾಕಿದ್ದಾಳೆ. ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿ ಬರುತ್ತಾಳಂತೆ. ಕಥೆ ಎಲ್ಲಿಗೆ ನಿಂತಿತೋ ಅಲ್ಲಿಂದ ಕೇಳಬೇಕಲ್ಲ.