ಬೆಳಕವಾಡಿ ಸೀಮೆಯ ಮುಂಗಾರುಪೂರ್ವ ಹವೆ: ಗುಡುಗುಮಳೆಯ ಸಂಭವ ಮತ್ತು ವಿಮಾನಯಾನ

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಸೇರಿದ ಬೆಳಕವಾಡಿಯು ಕಾವೇರಿ ಕಣಿವೆಯಲ್ಲಿ, ಶಿವನಸಮುದ್ರಕ್ಕೆ ಸಮೀಪದಲ್ಲಿದೆ. ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿರುವ ಮಂಡ್ಯ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 700 ಮಿಲಿಮೀಟರು ಮಾತ್ರ. ಈ ಮಳೆಯ ಹಂಚಿಕೆಯಲ್ಲಿ ಎರಡು ಶಿಖರಗಳಿವೆ: ಒಂದು ಮೇ ತಿಂಗಳಿನದು, ಇನ್ನೊಂದು ಸೆಪ್ಟೆಂಬರ್–ಅಕ್ಟೋಬರ್ ಅವಧಿಯದು. ಮೊದಲನೆಯ ಶಿಖರವು ನೈಋತ್ಯ ಮಾರುತದ ಕೊಡುಗೆಯಲ್ಲ. ಅದು ಮುಂಗಾರಿಗೆ ಮೊದಲೇ ಎರಗುವ ಗುಡುಗುಮಳೆಯ ಫಲ. ಆದ್ದರಿಂದ ಈ ಸೀಮೆಯ ವಸಂತ ಮತ್ತು ಬೇಸಿಗೆಯ ಹವೆಯನ್ನು ಅರಿಯುವುದೆಂದರೆ ಗುಡುಗುಮಳೆಯ ಸ್ವಭಾವವನ್ನು ಅರಿಯುವುದೇ ಆಗಿದೆ.

ಮಾರ್ಚ್‌ನಿಂದ ಮೇ ವರೆಗಿನ ಅವಧಿಯನ್ನು ಭಾರತ ಹವಾಮಾನ ಇಲಾಖೆಯು ಮುಂಗಾರುಪೂರ್ವ ಋತುವೆಂದು ಪರಿಗಣಿಸುತ್ತದೆ. ಜನಪದರ ಲೆಕ್ಕದಲ್ಲಿ ಏಪ್ರಿಲ್ ಮಧ್ಯಭಾಗದಿಂದ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳು ಹದಿಮೂರು–ಹದಿನಾಲ್ಕು ದಿನಗಳಿಗೊಂದರಂತೆ ಸಾಗುತ್ತವೆ. ಭರಣಿಯು ಹದವಾಗಿ ಸುರಿದರೆ ಬೆಳೆಗೆ ಬರವಿಲ್ಲವೆಂಬ ನಂಬಿಕೆಗೆ ಆಧಾರವಿಲ್ಲದಿಲ್ಲ. ಖುಷ್ಕಿ ಭೂಮಿಯ ಉಳುಮೆಗೂ ಎಳ್ಳು, ಅಲಸಂದೆಗಳ ಬಿತ್ತನೆಗೂ ಈ ಮಳೆಯೇ ಆಸರೆ. ಆದರೆ ಅದೇ ಮೋಡದ ಬಿರುಗಾಳಿ ಗೊನೆಬಿಟ್ಟ ಬಾಳೆಯನ್ನು ನೆಲಕ್ಕೆ ಕೆಡವುತ್ತದೆ. ಸಿಡಿಲು ಜನ ಜಾನುವಾರುಗಳ ಪ್ರಾಣ ತೆಗೆಯುತ್ತದೆ. ದೇಶದಲ್ಲಿ ಪ್ರತಿವರ್ಷ ಸಿಡಿಲಿಗೆ ಬಲಿಯಾಗುವವರ ಸಂಖ್ಯೆ ಎರಡು ಸಾವಿರವನ್ನು ಮೀರುತ್ತದೆ.

ಇಂತಹ ಮೋಡ ರೂಪುಗೊಳ್ಳಲು ಮೂರು ಅಂಶಗಳು ಕೂಡಿಬರಬೇಕು: ಕಾದ ನೆಲ, ತೇವಾಂಶ ಮತ್ತು ಗಾಳಿಯನ್ನು ಮೇಲೆತ್ತುವ ನೆಪ. ಏಪ್ರಿಲ್ ಬಿಸಿಲಿಗೆ ಕಾದ ನೆಲದ ಮೇಲಣ ಗಾಳಿ ಹಗುರಾಗಿ ಮೇಲೇರುತ್ತದೆ. ಬಂಗಾಳಕೊಲ್ಲಿ ಹಾಗೂ ಅರಬ್ಬಿ ಸಮುದ್ರಗಳ ಕಡೆಯಿಂದ ಬೀಸುವ ಗಾಳಿ ತೇವವನ್ನು ತರುತ್ತದೆ. ಈ ಭಿನ್ನ ದಿಕ್ಕಿನ ಗಾಳಿಗಳು ಒಳನಾಡಿನಲ್ಲಿ ಸಂಧಿಸುವ ಉತ್ತರ–ದಕ್ಷಿಣದ ರೇಖೆಯುದ್ದಕ್ಕೂ ಗಾಳಿ ಮೇಲೆತ್ತಲ್ಪಡುತ್ತದೆ. ಒಣಗಾಳಿಯು ಮೇಲೇರುವಾಗ ಕಿಲೋಮೀಟರಿಗೆ 9.8 ಡಿಗ್ರಿ ಸೆಲ್ಸಿಯಸ್‌ನಂತೆ ತಣಿಯುತ್ತದೆ. ತೇವವು ಹನಿಗಟ್ಟಲಾರಂಭಿಸಿದೊಡನೆ ಹೊರಬೀಳುವ ಗುಪ್ತೋಷ್ಣವು ಈ ತಣಿತವನ್ನು ತಗ್ಗಿಸಿ, ಏರುಗಾಳಿಗೆ ಹೊಸ ಬಲ ನೀಡುತ್ತದೆ. ಹೀಗೆ ಬೆಳೆದ ಮೋಡದ ತುದಿ 15 ಕಿಲೋಮೀಟರ್ ಎತ್ತರವನ್ನೂ ಮುಟ್ಟಬಲ್ಲದು. ನೆಲ ಕಾಯಲು ಹೊತ್ತು ಬೇಕಾದ್ದರಿಂದ, ಬೆಳಗಿನ ಆಕಾಶ ನಿರ್ಮಲವಾಗಿದ್ದರೂ ಅಪರಾಹ್ನದಿಂದ ರಾತ್ರಿಯ ಮೊದಲ ಜಾವದವರೆಗೆ ಮಳೆಯ ಸಂಭವ ಹೆಚ್ಚು.

ಮುನ್ಸೂಚನೆಯ ಭಾಷೆಯನ್ನು ಓದುವಲ್ಲಿ ಎಚ್ಚರ ಅಗತ್ಯ. ಹವಾಮಾನ ವರದಿಯಲ್ಲಿ ‘ಒಂದೆರಡು ಕಡೆ’ ಎಂದರೆ ಪ್ರದೇಶದ ಶೇ. 25ರವರೆಗಿನ ಮಾಪನ ಕೇಂದ್ರಗಳಲ್ಲಿ ಮಳೆ. ‘ಕೆಲವು ಕಡೆ’ ಎಂದರೆ ಶೇ. 26ರಿಂದ 50, ‘ಹಲವು ಕಡೆ’ ಎಂದರೆ ಶೇ. 51ರಿಂದ 75, ಅದಕ್ಕೂ ಮೇಲಿನದು ‘ಬಹುತೇಕ ಕಡೆ’. ಗುಡುಗುಮೋಡದ ಹರವು ಕೆಲವೇ ಕಿಲೋಮೀಟರುಗಳು. ಬೆಳಕವಾಡಿಯಲ್ಲಿ ಕೆರೆಗೆ ನೀರು ಹರಿದ ಸಂಜೆ ಮಳವಳ್ಳಿಯಲ್ಲಿ ಧೂಳು ಮಾತ್ರ ಎದ್ದಿರಬಹುದು. ಹಾಗಾದರೆ ಮುನ್ಸೂಚನೆ ಸುಳ್ಳಾಯಿತೆಂದು ಭಾವಿಸುವಂತಿಲ್ಲ. ಅದು ಜಿಲ್ಲೆಯ ಮಾತೇ ಹೊರತು ಒಂದು ಹೊಲದ ಮಾತಲ್ಲ.

ವಿಮಾನಯಾನದ ಮುನ್ಸೂಚನೆ ಇದಕ್ಕೆ ಭಿನ್ನವಾದುದು. ಅದು ಒಂದು ನಿಲ್ದಾಣಕ್ಕೆ, ನಿರ್ದಿಷ್ಟ ಗಂಟೆಗಳಿಗೆ ಸೀಮಿತವಾಗಿದ್ದು, ಸಂದೇಹವಿದ್ದಲ್ಲಿ ಶೇ. 30 ಅಥವಾ 40ರ ಸಂಭವವೆಂದು ನಮೂದಿಸುತ್ತದೆ. ಬೆಳಕವಾಡಿ ಸೀಮೆಯು ಮೈಸೂರಿನ ಮಂಡಕಳ್ಳಿ ಹಾಗೂ 2008ರಲ್ಲಿ ಆರಂಭಗೊಂಡ ದೇವನಹಳ್ಳಿಯ ವಿಮಾನ ನಿಲ್ದಾಣಗಳ ನಡುವಣ ಆಕಾಶದ ಅಡಿಯಲ್ಲಿದೆ. ಈ ಋತುವಿನ ಮುಂಜಾನೆಗಳು ಹಾರಾಟಕ್ಕೆ ಸಾಮಾನ್ಯವಾಗಿ ಅನುಕೂಲ. ಮಧ್ಯಾಹ್ನದ ಬಿಸಿಗಾಳಿ ವಿರಳವಾದ್ದರಿಂದ ವಿಮಾನವು ಮೇಲೇರಲು ಹೆಚ್ಚು ದೂರ ಓಡಬೇಕಾಗುತ್ತದೆ. ಸಮುದ್ರಮಟ್ಟದಿಂದ ಎತ್ತರದಲ್ಲಿರುವ ಪ್ರಸ್ಥಭೂಮಿಯಲ್ಲಿ ಈ ಪರಿಣಾಮ ಇನ್ನಷ್ಟು ಹೆಚ್ಚು. ಪ್ರಯಾಣಿಕ ವಿಮಾನಗಳು ಸಾಮಾನ್ಯವಾಗಿ 10ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಸಾಗುವುದರಿಂದ, ಬೆಳೆದ ಮೋಡವನ್ನು ಮೇಲಿನಿಂದ ದಾಟಲಾಗದೆ ಬಳಸಿ ಹೋಗಬೇಕಾಗುತ್ತದೆ.

ಇದಕ್ಕಿಂತ ಅಪಾಯಕಾರಿಯಾದುದು ಮೋಡದಿಂದ ನೆಲಕ್ಕೆ ಅಪ್ಪಳಿಸಿ ಸುತ್ತಲೂ ಚದುರುವ ಇಳಿಗಾಳಿ. ಇಳಿಯುವ ವಿಮಾನಕ್ಕೆ ಅದು ಮೊದಲು ಎದುರುಗಾಳಿಯಾಗಿ, ಕ್ಷಣಮಾತ್ರದಲ್ಲಿ ಹಿಂಗಾಳಿಯಾಗಿ ಪರಿಣಮಿಸಿ ರೆಕ್ಕೆಯ ಆಧಾರವನ್ನು ಕಸಿಯುತ್ತದೆ. 1975ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಿಮಾನ ದುರಂತವನ್ನು ಅಭ್ಯಸಿಸಿದ ವಿಜ್ಞಾನಿ ಟೆಟ್ಸುಯಾ ಫುಜಿಟಾ ಈ ವಿದ್ಯಮಾನವನ್ನು ಗುರುತಿಸಿದರು. 1985ರ ಡಲ್ಲಾಸ್ ದುರಂತದ ಬಳಿಕ ಅದನ್ನು ಪತ್ತೆಹಚ್ಚುವ ಸಾಧನಗಳಿಗೆ ಒತ್ತು ದೊರೆಯಿತು. ಬೆಳಕವಾಡಿಯ ಬಾಳೆತೋಟವನ್ನು ಮಲಗಿಸುವ ಗಾಳಿಯೂ ಬಹುಮಟ್ಟಿಗೆ ಇದೇ ಜಾತಿಯದು ಎಂಬುದು ಗಮನಾರ್ಹ.

ವರ್ಷದಿಂದ ವರ್ಷಕ್ಕೆ ಈ ಮಳೆ ಅತಿಯಾಗಿ ಏರಿಳಿಯುತ್ತದೆ. 2024ರ ಏಪ್ರಿಲ್ ತಿಂಗಳು ಬೆಂಗಳೂರಿನಲ್ಲಿ ಮಳೆಯಿಲ್ಲದೆ ಕಳೆಯಿತು. 1983ರ ಬಳಿಕ ಹಾಗಾದುದು ಅದೇ ಮೊದಲು. ಮರುವರ್ಷವೇ ರಾಜ್ಯದ ಮುಂಗಾರುಪೂರ್ವ ಮಳೆ ವಾಡಿಕೆಯ ಎರಡು ಪಟ್ಟನ್ನು ಮೀರಿತು. ಮುಂಗಾರು 2025ರ ಮೇ 24ರಂದೇ ಕೇರಳವನ್ನು ಪ್ರವೇಶಿಸಿತು. ಇಂತಹ ಹವೆಯಲ್ಲಿ ತಿಂಗಳ ಸರಾಸರಿಗಿಂತ ಮುಂದಿನ ಮೂರು ಗಂಟೆಗಳ ಮುನ್ನೆಚ್ಚರಿಕೆಯೇ ಪ್ರಾಣರಕ್ಷಕ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಹಾಗೂ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಮೊಬೈಲ್ ತಂತ್ರಾಂಶಗಳು ರೂಪುಗೊಂಡುದು ಈ ಉದ್ದೇಶದಿಂದಲೇ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡು ಕಳೆದರೆ ಸಿಡಿಲು ಒಂದು ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ಆ ಅಂತರ ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಬಯಲನ್ನೂ ಮರದ ಬುಡವನ್ನೂ ಬಿಟ್ಟು ಗಟ್ಟಿ ಕಟ್ಟಡದೊಳಗೆ ಸೇರಬೇಕು. ವಿಮಾನ ಚಾಲಕನಿಗೆ ರೇಡಾರ್ ನೀಡುವ ಎಚ್ಚರವನ್ನು ಹೊಲದಲ್ಲಿ ನಿಂತ ರೈತನಿಗೆ ಈ ಸರಳ ಎಣಿಕೆಯೂ ಒಂದು ಮಟ್ಟಿಗೆ ನೀಡಬಲ್ಲದು.